ಎರಡು ವಹಿ

ಗಲ್ಲಾ ಪೆಟ್ಟಿಗಿ ಮ್ಯಾಲ ಎರಡು ವಹಿ ಅದಾವ.
ಕೆಂಪು ರಟ್ಟಿಂದು ಉದ್ರಿದು:
ಯಾರು ಎಷ್ಟು ಉಂಡ್ರು, ಎಷ್ಟು ಕೊಡೋದೈತಿ.
ಹಸರು ರಟ್ಟಿಂದು ನನ್ನ ಮೈದು:
ನಾ ಏನು ಉಂಡೆ,
ಅದು ನನ್ನಿಂದ ಏನು ವಸೂಲಿ ಮಾಡ್ತು.

ವಿಜಯಪುರದ ಅಥಣಿ ರಸ್ತೇದಾಗ
ಹದಿನೆಂಟು ವರ್ಷದ ಖಾನಾವಳಿ.
ಎಣ್ಣಿಗಾಯಿ, ಕೆಂಪು ಖಾರ, ಗುರೆಳ್ಳು ಹಿಂಡಿ.
ರೊಟ್ಟಿ ಬಡಿಯೋ ಸಪ್ಪಳಾನ ನಮ್ಮ ಬೋರ್ಡು.

ಹ್ವಾದ ದೀಪಾವಳಿಗೆ ಗಂಧಿ ಎದ್ವು.
ಮೊಣಕೈ, ಕುತಿಗಿ, ಕಣ್ಣಿನ ರೆಪ್ಪಿ,
ನಕಾಶೆದಾಗಿನ ತಾಲೂಕುಗಳ ಗತೆ
ಒಂದರ ಗಡಿ ಇನ್ನೊಂದಕ್ಕ ಹತ್ತಿ.
ಕಂಬಳಿ ಹೊಚ್ಚಿ ತಿಕ್ಕಿದ್ರು.
ಎಣ್ಣಿ ಬದಲು ಮಾಡಿದೆ, ಸಬಕಾರ ಬದಲು ಮಾಡಿದೆ,
ತಿಕೋಟಾದ ತಂಗಿಗೆ ಫೋನ್ ಹಚ್ಚಿ ಬೈದೆ:
"ನಿಮ್ಮ ಮಣೂಕಕ್ಕ ಏನು ಔಷಧ ಹೊಡಿತೀರೇ?"

ಇನಾಮದಾರ ಡಾಕ್ಟರಮ್ಮ ನಗಲಿಲ್ಲ.
"ಹೊಡದದ್ದಲ್ಲ, ಬೌರಕ್ಕ, ಕಲಬೆರಕಿನೂ ಅಲ್ಲ.
ಹುಳ ಬಂದ್ರ ತಡಿಯಾಕ
ಗಿಡ ತಾನ ಮಾಡಿಕೊಂಡದ್ದು.
ದ್ರಾಕ್ಷಿದಾಗ ಐತಿ, ಒಣಗಿದಷ್ಟೂ ದಟ್ಟ.
ಮೆಣಸಿನಕಾಯಾಗ, ಜೀರಗಿಯಾಗ, ಅರಿಷಿಣದಾಗ."
"ಅಂದ್ರ ಒಳ್ಳೇದರಾಗೆಲ್ಲ."
"ಹೌದ್ರಿ, ಒಳ್ಳೇದರಾಗೆಲ್ಲ.
ಕೆಲವರ ಮೈ ಹಂಡೆ, ನಿಮ್ದು ಚರಗಿ.
ತುಂಬಿದ ಮ್ಯಾಲ ಒಂದು ಹನಿ ಬಿದ್ರೂ ಚೆಲ್ಲತೈತಿ."

ಆರು ವಾರ.
ಅನ್ನ, ಸಿಪ್ಪಿ ತಗದ ಬಟಾಟಿ, ಕ್ಯಾಬೀಜು,
ಒಗ್ಗರಣಿ ಇಲ್ಲದ ಬ್ಯಾಳಿ, ಹಾಲು.
ಗಂಡ ಸತ್ತಾಗ ಸೈತ
ಬಣ್ಣದ ಸೀರಿ ಬಿಟ್ಟಿರಲಿಲ್ಲ ನಾ.
ಈಗ ನನ್ನ ತಾಟು ಬಿಳೀದು ಉಟ್ಟಿತು.

ನಾಲಿಗಿ ಇಲ್ಲದ ಅಡಗಿ ಕಲತೆ.
ಸಾಸಿವಿ ಕಿವಿಗೆ ಬಿಟ್ಟೆ, ಖಾರ ಮೂಗಿಗೆ.
ಉಪ್ಪು ಮಾತ್ರ ಸಿದ್ದವ್ವನ ಕೈಗೆ.
ಆಕೀ ನಾಲಿಗಿ ಉಪ್ಪಿಗೆ ಸಡ್ಲ;
ಮೊದಲನೇ ವಾರ ಕುಡಿಯೋ ನೀರಿನ ಕೊಡ
ಮಧ್ಯಾಹ್ನಕ್ಕ ಮುಗೀತಿತ್ತು.

ಕೊಲ್ಹಾರ ಗಾಡಿ ಕಂಡಕ್ಟರ್ ಮಲಕಪ್ಪ
ಕೈ ತೊಳಕೋತ ಕೇಳಿದ, ಎಲ್ಲಾರಿಗೂ ಕೇಳೋಹಂಗ:
"ನಿಮ್ಮ ಪಲ್ಯ ನೀವ ಉಣ್ಣಂಗಿಲ್ಲಂತ?
ಏನರೆ ಹಾಕೀರಿ ಏನ?"
ನಕ್ಕರು. ನಾನೂ ನಕ್ಕೆ.
ಮರುದಿನ ಒಂಬತ್ತು ತಾಟು ಕಡಿಮಿ.

ಅವತ್ತಿನಿಂದ ಗಲ್ಲಾದ ಮುಂದ ಕುಂತ ಉಂಡೆ,
ಬಿಳೀ ಅನ್ನ, ಮಗ್ಗಲಕ ಹಸರು ವಹಿ ತಗದಿಟ್ಟು.
ನೋಡೋರು ನೋಡ್ಲಿ ಅಂತ.

ಆರು ವಾರ ಕಳದ ಮ್ಯಾಲ, ಮೈ ಒಣಗಿದ ಮ್ಯಾಲ,
ಒಂದೊಂದನ್ನ ಕರದು ಕೇಳೋದು ಶುರು ಆತು.
"ಬುಧವಾರ: ಜೀರಗಿ, ಅರ್ಧ ಚಮಚ.
ರಾತ್ರಿ ಒಂದೂವರಿಗೆ ಬಲಗೈ.
ಸೋಮವಾರ: ಬಳ್ಳೊಳ್ಳಿ ಎರಡು ಎಸಳು. ಏನಿಲ್ಲ.
ಮಂಗಳವಾರ: ಏನಿಲ್ಲ. ಅತ್ತೆ."
ತಂಗಿ ಕಳಿಸಿದ ಮಣೂಕ, ಹಸರು, ಉದ್ದಂದು.
ಮೂರಕ್ಕ ಸುಮ್ಮ, ನಾಕಕ್ಕೂ ಸುಮ್ಮ.
ಐದಕ್ಕ ಕುತಿಗಿ ಮ್ಯಾಲ ಒಂದು ತಾಲೂಕು.
ನಾಕು ಅಂತ ಬರದು ಕೆಳಗ ಗೆರಿ ಎಳದೆ.
ಅರವತ್ತರ ಹತ್ರ ಬಂದು
ನನ್ನ ಅಳತಿ ನನಗ ಸಿಕ್ತು:
ನಾಕು ಮಣೂಕ.

ಒಂದಿನ ಮಲಕಪ್ಪ ಚಿಲ್ಲರ ಎಣಿಸೋದು ಬಿಟ್ಟು
ವಹಿ ಮ್ಯಾಲ ಬಗ್ಗಿ ಓದಾಕತ್ತಿದ, ತುಟಿ ಅಲುಗಿಸಿ.
"ನಮ್ಮ ಹುಡುಗಿಗೂ ಹಿಂಗ ಅಕ್ಕ," ಅಂದ.
"ನಾವು ಮೂರು ಸಲ ದೃಷ್ಟಿ ತಗದ್ವಿ."
ಟಿಕೇಟಿನ ಸುರುಳಿ ಹರದು
ಹಿಂದ ಬರಕೊಳ್ಳಾಕ ಹತ್ತಿದ,
ಬಟಾಟಿ, ಕ್ಯಾಬೀಜು, ನಾಕು ಮಣೂಕ.

ಕೈ ಹಿಡದೆ.
"ಇದು ನನ್ನ ಚರಗಿ ಲೆಕ್ಕ, ತಮ್ಮಾ.
ಮೊದಲ ಡಾಕ್ಟರಮ್ಮಗ ತೋರಿಸು.
ಆಕೀ ಲೆಕ್ಕ ಆಕೀನ ಬರೀಲಿ."
ಕಪಾಟದಿಂದ ಹೊಸಾ ವಹಿ ತಗದು ಕೊಟ್ಟೆ.

ಇಪ್ಪತ್ತು ರೂಪಾಯಿ.
ಕೆಂಪು ವಹಿದಾಗ ಅವನ ಹೆಸರಿಗೆ ಹಚ್ಚೇನಿ.